ಗಡಿ ದಾಟಿ ಬರುವ ಕೋವಿಗೆ ಕನ್ನಡದಲ್ಲಿ ದಾರಿ ತೋರಿಸಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಗಡಿ ಪಂಚಾಯತ್‌ಗಳಲ್ಲಿ ಕಾಡುಹಂದಿಗಳ ಹಾವಳಿಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಆಗಾಗ ವರದಿಗಳು ಬರುತ್ತಿವೆ. ಕೃಷಿಕರ ನಷ್ಟ, ಅರಣ್ಯ ಇಲಾಖೆಯ ಉತ್ತರ, ಪಂಚಾಯತ್ ಸಭೆಯ ಚರ್ಚೆ ಎಲ್ಲವೂ ಅವುಗಳಲ್ಲಿ ಇರುತ್ತವೆ. ಆದರೆ ಹಂದಿಯನ್ನು ಕಾನೂನಿನ ಪ್ರಕಾರ ಹೊಡೆಯಬೇಕಾದ ಕೋವಿಯವರು ಯಾರು, ಅವರು ಎಲ್ಲಿಂದ ಬರಬೇಕು, ಅವರ ಪರವಾನಗಿಯ ಗತಿ ಏನು ಎಂಬ ಪ್ರಶ್ನೆಯನ್ನು ಯಾರೂ ಎತ್ತಿಕೊಳ್ಳುವುದು ಕಾಣುತ್ತಿಲ್ಲ. ಈ ಪತ್ರ ಅದರ ಕುರಿತು.

ಸುಳ್ಯ, ಪುತ್ತೂರು, ಮಡಿಕೇರಿ ಕಡೆಗಳಿಂದ ತೋಟ ಕೊಂಡೋ, ಮದುವೆಯ ಸಂಬಂಧದಿಂದಲೋ, ನಿವೃತ್ತಿಯ ನಂತರ ಹಿರಿಯರ ಪಾಲಿನ ಜಾಗಕ್ಕೆ ಮರಳಿಯೋ ದೇಲಂಪಾಡಿ, ಬೆಳ್ಳೂರು, ಕಾರಡ್ಕ, ಎಣ್ಮಕಜೆ, ಕುತ್ತಿಕೋಲು, ಪನತ್ತಡಿ ಪಂಚಾಯತ್‌ಗಳಲ್ಲಿ ನೆಲೆಸುವವರು ಹಿಂದಿನಿಂದಲೂ ಇದ್ದಾರೆ. ನಾನೂ ಹಾಗೆ ಬಂದವನು. ನಮ್ಮಲ್ಲಿ ಹಲವರು ಕಾಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವರು. ಅಜ್ಜನ ಕಾಲದಿಂದ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದ್ದವರು. ಕೆಸರಿನ ಮೇಲಿನ ಹೆಜ್ಜೆ ನೋಡಿ ಹೋದದ್ದು ಯಾವ ಪ್ರಾಣಿ, ಎಷ್ಟು ಹೊತ್ತಿನ ಹಿಂದೆ ಹೋಯಿತು ಎಂದು ಹೇಳಬಲ್ಲವರು. ಇಂಥವರ ಅಗತ್ಯ ಈ ಜಿಲ್ಲೆಗೆ ಇದೆ, ಇಂಥವರಿಗೆ ಇಲ್ಲಿ ಮಾಡಲು ಕೆಲಸವೂ ಇದೆ. ನಡುವೆ ನಿಂತಿರುವುದು ಕಾಗದಪತ್ರದ ತೊಡಕು ಮತ್ತು ಭಾಷೆಯ ತೊಡಕು. ಇವೆರಡೂ ಸರಕಾರ ಮನಸ್ಸು ಮಾಡಿದರೆ ಬಿಡಿಸಬಹುದಾದ ಗಂಟುಗಳೇ.

ಹೊಸದಾಗಿ ಬರುವವರಿಗೆ ಮೊದಲಿಗೆ ಹೇಳಬೇಕಾದ ಮಾತು ಒಂದಿದೆ. ಗಡಿಯ ಈಚೆ ಬೇಟೆಗೆ ಸಡಿಲಿಕೆ ಇದೆ ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಕೇರಳದಲ್ಲಿ ಹಂದಿ ಹೊಡೆಯಬಹುದಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ಬರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಡಿಯಾಚೆಯ ಜಾಲ್ಸೂರಿನಲ್ಲಿ ಹೇಗೋ ಈಚೆಯ ಮುಳ್ಳೇರಿಯಾದಲ್ಲೂ ಹಾಗೆಯೇ. ಮೊಲ, ಕಾಡುಕೋಳಿ, ಕಾಡುಕುರಿ, ಮುಳ್ಳುಹಂದಿ, ಬರಿಂಕ (ಮೌಸ್ ಡಿಯರ್) ಎಲ್ಲವೂ ಸಂರಕ್ಷಿತ ಪ್ರಾಣಿಗಳೇ, ಇವುಗಳ ಬೇಟೆಗೆ ಯಾವ ಪಂಚಾಯತ್ ಅಧ್ಯಕ್ಷರೂ ಅನುಮತಿ ಕೊಡಲಾರರು. 2022ರ ತಿದ್ದುಪಡಿಯ ಬಳಿಕ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೆಚ್ಚಿನ ರಕ್ಷಣೆ ಇರುವ ಒಂದನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಸಜೆಯೇ ಮೂರು ವರ್ಷ, ಗರಿಷ್ಠ ಏಳು. ಇದರ ಜೊತೆಗೆ ಕೋವಿ ಇರುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಇನ್ನೊಂದು ವಿಧಿಯಿದೆ: ಅಪರಾಧ ಸಾಬೀತಾದರೆ ಕೃತ್ಯಕ್ಕೆ ಬಳಸಿದ ಕೋವಿಯ ಪರವಾನಗಿಯನ್ನು ರದ್ದುಗೊಳಿಸಿ, ಐದು ವರ್ಷ ಹೊಸ ಪರವಾನಗಿಗೆ ಅರ್ಹತೆ ಇಲ್ಲವೆಂದು ನ್ಯಾಯಾಲಯ ಆದೇಶಿಸಬಹುದು. ಒಂದು ರಾತ್ರಿಯ ಚಪಲಕ್ಕೆ ಮನೆತನದ ಕೋವಿ ಹೋಗುತ್ತದೆ.

ಹಾಗಿದ್ದರೆ ಕೇರಳದಲ್ಲಿ ಇರುವುದೇನು? 2022ರ ಮೇ ತಿಂಗಳಲ್ಲಿ ರಾಜ್ಯ ಸಂಪುಟ ಕೈಗೊಂಡ ತೀರ್ಮಾನದಂತೆ ಪಂಚಾಯತ್ ಅಧ್ಯಕ್ಷರು, ನಗರಸಭಾ ಅಧ್ಯಕ್ಷರು ಮತ್ತು ಮೇಯರ್‌ಗಳಿಗೆ ಗೌರವ ವನ್ಯಜೀವಿ ವಾರ್ಡನ್ ಸ್ಥಾನವನ್ನೂ, ಸ್ಥಳೀಯ ಸಂಸ್ಥೆಗಳ ಕಾರ್ಯದರ್ಶಿಗಳಿಗೆ ಅಧಿಕೃತ ಅಧಿಕಾರಿಯ ಸ್ಥಾನವನ್ನೂ ಕೊಡಲಾಯಿತು. ಬೆಳೆಗೂ ಜೀವಕ್ಕೂ ಅಪಾಯ ತರುವ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರ, ಹಿಂದೆ ಅರಣ್ಯ ಇಲಾಖೆಯ ಮೇಲಧಿಕಾರಿಗಳ ಕೈಯಲ್ಲಿದ್ದದ್ದು, ಹೀಗೆ ಊರಿನ ಮಟ್ಟಕ್ಕೆ ಬಂತು. ಹೊಡೆಯುವವರು ಪರವಾನಗಿ ಇರುವ ಕೋವಿಯವರಾಗಿರಬೇಕು, ಪಂಚಾಯತ್‌ನ ಪಟ್ಟಿಯಲ್ಲಿ ಅವರ ಹೆಸರಿರಬೇಕು. ವಿಷ, ಸ್ಫೋಟಕ, ವಿದ್ಯುತ್ ತಂತಿ ಇವುಗಳ ಬಳಕೆ ನಿಷಿದ್ಧ. ಮರಿಗಳಿರುವ ಹಾಗೂ ಗಬ್ಬದ ಹಂದಿಯನ್ನು ಬಿಡಬೇಕು. ಸತ್ತ ಹಂದಿಯನ್ನು ವೈಜ್ಞಾನಿಕವಾಗಿ ಹೂತು, ಲೆಕ್ಕ ಬರೆದಿಡಬೇಕು. ಅದರ ಮಾಂಸ ತಿನ್ನುವಂತಿಲ್ಲ, ಹಂಚುವಂತಿಲ್ಲ, ಮಾರುವಂತಿಲ್ಲ.

ಮಾಂಸದ ಈ ನಿಬಂಧನೆಗೆ ಗೊಣಗುವವರು ನಮ್ಮ ನಡುವೆ ಸಾಕಷ್ಟು ಮಂದಿ ಇದ್ದಾರೆ. ಹೊಡೆದದ್ದನ್ನು ಮಣ್ಣುಪಾಲು ಮಾಡುವುದೇಕೆ ಎಂದು ಅವರು ಕೇಳುತ್ತಾರೆ. ಮಾಂಸಕ್ಕೆ ಅವಕಾಶ ಕೊಟ್ಟ ದಿನವೇ ಬೆಳೆ ರಕ್ಷಣೆಯ ಹೆಸರಿನಲ್ಲಿ ವ್ಯಾಪಾರ ಶುರುವಾಗುತ್ತದೆ ಎಂಬುದು ಕಾಡಿನ ಬದಿಯಲ್ಲಿ ಬದುಕಿದ ಎಲ್ಲರಿಗೂ ಗೊತ್ತು. ಅಲ್ಲದೆ ಆಫ್ರಿಕನ್ ಹಂದಿ ಜ್ವರ 2022ರಲ್ಲಿ ವಯನಾಡಿನಲ್ಲಿ ಕಾಣಿಸಿಕೊಂಡು, ಮರುವರ್ಷ ನಮ್ಮದೇ ಎಣ್ಮಕಜೆಯ ಹಂದಿ ಸಾಕಣೆ ಕೇಂದ್ರಕ್ಕೂ ಬಂದದ್ದನ್ನು ಮರೆಯಬಾರದು. ಮನುಷ್ಯರಿಗೆ ಹರಡದ ರೋಗವಾದರೂ ಸಾಕು ಹಂದಿಗೆ ಅದು ಮಾರಕ, ಮತ್ತು ಸೋಂಕು ತಗುಲಿದ ಕಾಡುಹಂದಿಯ ಮಾಂಸ, ರಕ್ತ, ಎಸೆದ ಕರುಳು ಇವೆಲ್ಲ ಅದನ್ನು ಹಬ್ಬಿಸುತ್ತವೆ. ಆಳವಾಗಿ ಹೂಳುವುದೇ ಸರಿ.

ಕಾಡುಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಘೋಷಿಸಬೇಕೆಂಬ ಕೇರಳದ ಬೇಡಿಕೆಯನ್ನು ಕೇಂದ್ರ ಸರಕಾರ ಒಪ್ಪಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ವಿಧಾನಸಭೆ ವನ್ಯಜೀವಿ ಕಾಯ್ದೆಗೆ ತನ್ನದೇ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಆ ರಾಜಕೀಯದ ಚರ್ಚೆ ಬೇರೆಯವರು ಮಾಡಲಿ. ಕಾನೂನು ಯಾವ ರೂಪಕ್ಕೆ ಬಂದರೂ ಕತ್ತಲಲ್ಲಿ ತೋಟದ ಬದಿಗೆ ಹೋಗಿ ನಿಲ್ಲಬೇಕಾದವರು ಕೋವಿ ಇರುವ ಮನುಷ್ಯರೇ. ಆ ಮನುಷ್ಯರಿಗೆ ತಿಳಿದಿರಬೇಕಾದದ್ದು ಬಹಳ ಇದೆ.

ಹಂದಿ ನುಗ್ಗಿದ ತೋಟವನ್ನು ಬೆಳಗ್ಗೆ ಹೋಗಿ ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ಮರಗೆಣಸಿನ ಸಾಲು ಬುಡಮೇಲಾಗಿರುತ್ತದೆ, ಕಳೆದ ವರ್ಷ ನೆಟ್ಟ ಅಡಿಕೆ ಸಸಿಗಳು ಬುಡ ಕಿತ್ತು ಮಲಗಿರುತ್ತವೆ, ಬಾಳೆಯ ಗೆಡ್ಡೆಯನ್ನು ತೋಡಿ ತಿಂದಿರುತ್ತವೆ, ಎರೆಹುಳು ಹುಡುಕಿ ಮಣ್ಣು ಕೆದಕಿದ ಕಡೆ ಹನಿ ನೀರಾವರಿಯ ಪೈಪು ಹರಿದು ಬಿದ್ದಿರುತ್ತದೆ. ನೋಡಬೇಕಾದದ್ದು ಇದಕ್ಕಿಂತ ಸ್ವಲ್ಪ ಆಚೆಗೆ ಇರುತ್ತದೆ. ಹಂದಿ ಹೊರಳುವ ಕೆಸರುಗುಂಡಿ ಸಾಮಾನ್ಯವಾಗಿ ತೋಡಿನ ಬದಿಯಲ್ಲೋ ಕಾಡು ಬೆಳೆದ ಗೇರುತೋಟದ ಒಳಗೋ ಸಿಗುತ್ತದೆ. ಅದರ ಹತ್ತಿರದ ಮರದ ಬುಡಕ್ಕೆ ಮೊಣಕಾಲೆತ್ತರದಲ್ಲಿ ಕೆಸರು ಮೆತ್ತಿ ಒಣಗಿರುತ್ತದೆ, ಆ ಕೆಸರಿನಲ್ಲಿ ಒರಟು ಕೂದಲು ಅಂಟಿರುತ್ತದೆ. ಕೆಸರು ಇನ್ನೂ ಹಸಿಯಾಗಿದ್ದರೆ ಹಿಂಡು ದೂರ ಹೋಗಿಲ್ಲ. ಹೆಜ್ಜೆಯಲ್ಲಿ ಎರಡು ಗೊರಸಿನ ಹಿಂದೆ ಪಕ್ಕಗೊರಸಿನ ಗುರುತು ಅಗಲವಾಗಿ ಬಿದ್ದಿದ್ದರೆ ಹಂದಿ, ಅದಿಲ್ಲದೆ ಚೂಪಾಗಿ ಬಿದ್ದಿದ್ದರೆ ಕಾಡುಕುರಿ ಇರಬಹುದು. ದೊಡ್ಡ ಹೆಜ್ಜೆಗಳ ನಡುವೆ ಸಣ್ಣ ಹೆಜ್ಜೆಗಳು ಚದುರಿದ್ದರೆ ಜೊತೆಯಲ್ಲಿ ಮರಿಗಳಿವೆ, ಆದೇಶದ ಪ್ರಕಾರವೂ ನ್ಯಾಯದ ಪ್ರಕಾರವೂ ಆ ತಾಯಿಯ ಮೇಲೆ ಕೋವಿ ಎತ್ತುವಂತಿಲ್ಲ. ಇದನ್ನೆಲ್ಲ ಹಗಲಿನಲ್ಲೇ ಓದಿ, ಹಂದಿ ಬರುವ ಕಂಡಿಯನ್ನು ಗುರುತಿಸಿ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿಟ್ಟುಕೊಂಡವನೇ ರಾತ್ರಿ ಸರಿಯಾದ ಜಾಗದಲ್ಲಿ ಕೂರಬಲ್ಲ. ಟಾರ್ಚ್ ಹಿಡಿದು ಊರೆಲ್ಲ ಸುತ್ತುವವನಿಂದ ಕೃಷಿಕನಿಗೆ ಉಪಕಾರವಿಲ್ಲ.

ಇನ್ನು ಈಡಿನ ವಿಷಯ. ಕೊಡಗಿನ ಕಾಫಿ ತೋಟದ ಇಳಿಜಾರಿಗೂ ಇಲ್ಲಿಯ ನೆಲಕ್ಕೂ ವ್ಯತ್ಯಾಸವಿದೆ. ಇಲ್ಲಿ ಮನೆಗಳು ತೋಟದೊಳಗೇ ಚದುರಿಕೊಂಡಿವೆ. ಅಡಿಕೆ ತೋಟದ ಆಚೆ ಬದಿಯಲ್ಲಿ ಕಾಲುದಾರಿ, ಅದರಾಚೆ ಇನ್ನೊಬ್ಬರ ಅಂಗಳ. ನಸುಕಿನಲ್ಲಿ ರಬ್ಬರ್ ಹಾಲು ತೆಗೆಯಲು ತಲೆಗೆ ದೀಪ ಕಟ್ಟಿಕೊಂಡು ಹೊರಡುವವರು ಬಂದಡ್ಕ, ಪನತ್ತಡಿ ಕಡೆ ಎಲ್ಲ ಗುಡ್ಡದಲ್ಲೂ ಇರುತ್ತಾರೆ. 12 ಬೋರಿನ ಕೋವಿಯ ಎಲ್‌ಜಿ ತೋಟೆಯ ದಪ್ಪ ಚರೆ ಗುರಿ ತಪ್ಪಿ ಮುರಕಲ್ಲಿನ ಕಟ್ಟೆಗೆ ತಾಗಿದರೆ ಎತ್ತ ಸಿಡಿಯುತ್ತದೆಂದು ಹೇಳಲು ಬರುವುದಿಲ್ಲ. ಪೊದೆ ಅಲುಗಿದ್ದಕ್ಕೆ, ಕಣ್ಣು ಹೊಳೆದದ್ದಕ್ಕೆ ಈಡು ಬಿಡುವ ಅಭ್ಯಾಸವುಳ್ಳವರು ದಯವಿಟ್ಟು ಈ ಜಿಲ್ಲೆಯಲ್ಲಿ ಕೋವಿ ಮುಟ್ಟಬಾರದು. ಹಂದಿಯೆಂದು ಭಾವಿಸಿ ಮನುಷ್ಯರಿಗೆ ಹೊಡೆದ ದುರಂತಗಳು ಗಡಿಯ ಎರಡೂ ಕಡೆ ನಡೆದಿವೆ. ಪಂಚಾಯತ್‌ಗಳು ಪಟ್ಟಿಗೆ ಹೆಸರು ಸೇರಿಸುವಾಗ ಪರವಾನಗಿಯ ಪ್ರತಿಯನ್ನಷ್ಟೇ ನೋಡದೆ, ಅರಣ್ಯ ಇಲಾಖೆಯವರ ಎದುರು ಗುರಿ ಮತ್ತು ಸಂಯಮ ಎರಡನ್ನೂ ಪರೀಕ್ಷಿಸಬೇಕೆಂದು ನನ್ನ ಆಗ್ರಹ.

ಪರವಾನಗಿ ಇರುವ ಕೈಗಳು ಮುಂದೆ ಬಾರದಿದ್ದರೆ ಆ ಜಾಗವನ್ನು ಉರುಳು, ಸಿಡಿಮದ್ದು, ಕರೆಂಟು ತಂತಿ ತುಂಬುತ್ತವೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿಬೀಳುತ್ತದೆ, ಕಡವೆ ಬೀಳುತ್ತದೆ, ಊರಿನ ನಾಯಿ ಬೀಳುತ್ತದೆ. 2025ರ ಜೂನ್‌ನಲ್ಲಿ ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ಸಮೀಪ ಹಂದಿ ಹಿಡಿಯಲು ಅಕ್ರಮವಾಗಿ ಎಳೆದಿದ್ದ ವಿದ್ಯುತ್ ತಂತಿಗೆ ತಗುಲಿ, ಮೀನು ಹಿಡಿಯಲು ಹೋಗಿದ್ದ ಶಾಲಾ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಅಂಥ ಸಾವು ನಮ್ಮ ತೋಡಿನ ಬದಿಯಲ್ಲೂ ಆಗಬಹುದು ಎಂಬ ಭಯ ನನಗೆ ಇದೆ.

ಈಗ ತೊಡಕಿನ ವಿಷಯಕ್ಕೆ ಬರುತ್ತೇನೆ. 1959ರ ಆಯುಧ ಕಾಯ್ದೆಯ ಅಡಿಯಲ್ಲಿ ಮಾಡಿದ 2016ರ ನಿಯಮಗಳ ಪ್ರಕಾರ, ವಾಸಸ್ಥಳ ಬದಲಾಯಿಸಿ ಕೋವಿಯನ್ನು ಜೊತೆಗೆ ತರುವವರು 30 ದಿನಗಳ ಒಳಗೆ ಹಳೆಯ ಜಿಲ್ಲೆಯ ಮತ್ತು ಹೊಸ ಜಿಲ್ಲೆಯ ಪರವಾನಗಿ ಅಧಿಕಾರಿಗಳಿಬ್ಬರಿಗೂ ಲಿಖಿತವಾಗಿ ತಿಳಿಸಬೇಕು. ಪರವಾನಗಿ ಯಾವ ಪ್ರದೇಶಕ್ಕೆ ಸಿಂಧು ಎಂಬುದು ಪುಸ್ತಕದಲ್ಲೇ ಬರೆದಿರುತ್ತದೆ. ಕರ್ನಾಟಕಕ್ಕೆ ಅಥವಾ ಒಂದೇ ಜಿಲ್ಲೆಗೆ ಸೀಮಿತವಾದ ಪರವಾನಗಿ ಹಿಡಿದು ಕೋವಿಯನ್ನು ಗಡಿ ದಾಟಿಸುವುದು ಅಪರಾಧವಾಗುತ್ತದೆ, ಆದ್ದರಿಂದ ಸಾಮಾನು ತುಂಬಿದ ಲಾರಿಯಲ್ಲಿ ಮಂಚ ಕಪಾಟುಗಳ ಜೊತೆ ಕೋವಿಯನ್ನೂ ಹಾಕಿ ತರಬಾರದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ನಂಬಿ ಬರುವವರು ಹೊರಡುವ ಮುನ್ನವೇ ಎರಡೂ ಜಿಲ್ಲೆಗಳಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಪರವಾನಗಿಗೆ ಆಯುಧ ಪರವಾನಗಿಗಳ ರಾಷ್ಟ್ರೀಯ ದತ್ತಾಂಶದಲ್ಲಿ ಕೊಡುವ ವಿಶಿಷ್ಟ ಸಂಖ್ಯೆ ಇರಬೇಕು. ಪನತ್ತಡಿ ಕಡೆಯ ಕಾಡು ಗಡಿಯಾಚೆ ತಲಕಾವೇರಿ ವನ್ಯಜೀವಿ ಧಾಮಕ್ಕೆ ತಾಗಿಕೊಂಡಿರುವುದರಿಂದ, ಧಾಮದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರಿಗೆ ವನ್ಯಜೀವಿ ಕಾಯ್ದೆಯಲ್ಲಿ ಹೇಳಿರುವ ನೋಂದಣಿಯ ಬಗ್ಗೆಯೂ ಆ ಭಾಗಕ್ಕೆ ಬರುವವರು ವಿಚಾರಿಸಬೇಕು.

ಇಷ್ಟನ್ನು ತಿಳಿದು, ಎಲ್ಲ ಕಾಗದಗಳನ್ನೂ ಜೋಡಿಸಿ ಹೋದವನ ಅನುಭವ ಹೇಳುತ್ತೇನೆ. ಕಚೇರಿಗಳ ಹೆಸರು ಬೇಡ. ಹಳೆಯ ಜಿಲ್ಲೆಯಿಂದ ನಿರಾಕ್ಷೇಪಣಾ ಪತ್ರ ಬರಬೇಕೆಂದು ಇಲ್ಲಿ ಹೇಳಿದರು. ಇಲ್ಲಿಂದ ಕೇಳಿಕೆಪತ್ರ ಬಂದರೆ ಕೊಡುತ್ತೇವೆಂದು ಅಲ್ಲಿ ಹೇಳಿದರು. ಅಲ್ಲಿಯ ಕನ್ನಡದ ವರದಿಯನ್ನು ಇಲ್ಲಿಯ ಗುಮಾಸ್ತರು ಓದಲಾರರು, ಇಲ್ಲಿಯ ಮಲಯಾಳದ ನೋಟಿಸನ್ನು ನಾನು ಓದಲಾರೆ. ಕಡತ ಗಡಿಯ ಆಚೆಗೂ ಈಚೆಗೂ ಅಲೆಯುತ್ತಿದ್ದ ಅಷ್ಟೂ ಮಳೆಗಾಲ ನನ್ನ ಕೋವಿ ಠಾಣೆಯ ಸುಪರ್ದಿಯಲ್ಲಿತ್ತು, ನೆರೆಯ ನಾಲ್ಕಾರು ಮನೆಯವರ ಗೆಣಸು, ಬಾಳೆ ಹಂದಿಯ ಪಾಲಾದವು. ಪಂಚಾಯತ್‌ನವರು ಹೆಸರು ಕೊಡಿ ಎಂದು ಮನೆಗೇ ಬಂದು ಕೇಳಿದ್ದರು. ಅವರ ಪಟ್ಟಿಗೆ ಸೇರಿಸಲು ಇಲ್ಲಿಯ ದಾಖಲೆಯಲ್ಲಿ ನನ್ನ ಕೋವಿಯೇ ಇರಲಿಲ್ಲ. ಸಿಬ್ಬಂದಿಯಲ್ಲಿ ಯಾರೂ ನನ್ನೊಡನೆ ಒರಟಾಗಿ ನಡೆದುಕೊಂಡಿಲ್ಲ ಎಂಬುದನ್ನೂ ಹೇಳಬೇಕು. ಏನು ಮಾಡಬೇಕೆಂದು ಅವರಿಗೂ ಸ್ಪಷ್ಟವಿರಲಿಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಈ ವಿಷಯದಲ್ಲಿ ಕಾನೂನಿನ ಬೆಂಬಲ ಇದ್ದೇ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ರಾಜ್ಯದ ಕನ್ನಡ ಮತ್ತು ತಮಿಳು ಭಾಷಾ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಿ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಪಡಿತರ ಚೀಟಿ, ಭೂ ತೆರಿಗೆಯ ವಿಷಯದಲ್ಲಿ ನಮ್ಮ ಸಂಘಟನೆಗಳು ಈ ಹಕ್ಕಿಗಾಗಿ ಹೋರಾಡುತ್ತಾ ಬಂದಿವೆ. ಕೋವಿ ಮತ್ತು ಕಾಡುಹಂದಿಯ ಆದೇಶಗಳನ್ನೂ ಈ ಸಾಲಿಗೆ ಸೇರಿಸಬೇಕಾದ ಕಾಲ ಬಂದಿದೆ. ಏಕೆಂದರೆ ಇಲ್ಲಿ ಒಂದು ಷರತ್ತು ಅರ್ಥವಾಗದಿದ್ದರೆ ಮನುಷ್ಯ ಜೈಲಿಗೆ ಹೋಗುತ್ತಾನೆ.

ಚುನಾವಣೆಯ ಸಮಯದಲ್ಲಿ ಕೋವಿಗಳನ್ನು ಒಪ್ಪಿಸಬೇಕಾಗಿ ಬರುವ ಬಗ್ಗೆ ಒಂದೇ ಮಾತು. ಯಾರ ಕೋವಿಯನ್ನು ವಶಕ್ಕೆ ಪಡೆಯಬೇಕೆಂದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಬಿಡಿಬಿಡಿಯಾಗಿ ನೋಡಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಪಂಚಾಯತ್ ಪಟ್ಟಿಯಲ್ಲಿರುವವರಿಗೆ ಆ ಸಮಿತಿ ವಿನಾಯಿತಿ ಕೊಡುವುದು ನ್ಯಾಯ.

ಕಾಡಿನ ಪ್ರೀತಿ ಕೋವಿಯಲ್ಲಿ ಮುಗಿಯುವುದಿಲ್ಲ ಎಂಬುದನ್ನು ಹೊಸಬರಿಗೆ ಹೇಳದೆ ಇರಲಾರೆ. ರಾಣಿಪುರಂ ಗುಡ್ಡದ ಹುಲ್ಲುಗಾವಲಿಗೆ ಅರಣ್ಯ ಇಲಾಖೆಯ ಟಿಕೆಟ್ ಪಡೆದು ಹತ್ತಬಹುದು. ಮಳೆ ಬಿದ್ದಾಗ ಜಿಗಣೆಗೂ ಬೇಸಗೆಯಲ್ಲಿ ಉಣುಗಿಗೂ ಎಚ್ಚರವಾಗಿದ್ದರೆ ಸಾಕು. ಮೊದಲ ಮಳೆಗೆ ತೋಡಿನಲ್ಲಿ ಹತ್ತುಮೀನು ಕಡಿಯುವ ನಮ್ಮ ಮಲೆನಾಡಿನ ಅಭ್ಯಾಸವನ್ನು ಮಾತ್ರ ಇಲ್ಲಿ ಬಿಡಬೇಕು. ಮೊಟ್ಟೆಯಿಡಲು ಹೊಳೆಯಿಂದ ಗದ್ದೆಗೆ ಏರಿ ಬರುವ ಮೀನನ್ನು ಹಿಡಿಯುವುದಕ್ಕೆ ಕೇರಳದ ಒಳನಾಡು ಮೀನುಗಾರಿಕೆ ಕಾಯ್ದೆಯ ನಿರ್ಬಂಧವಿದೆ, ಮತ್ತು ಆ ನಿರ್ಬಂಧ ಒಳ್ಳೆಯದೇ. ಪಯಸ್ವಿನಿ ಕೆಳಗಿಳಿದು ಚಂದ್ರಗಿರಿಯಾಗಿ ಹರಿಯುವ ಈ ಹೊಳೆಯಲ್ಲಿ ಅಪರೂಪದ ದೈತ್ಯ ಮೆದುಚಿಪ್ಪಿನ ಆಮೆ ಇದೆ. ಮರಳಿನಲ್ಲಿ ಮೈ ಹುಗಿದು ಬಹುಹೊತ್ತು ಕದಲದೆ ಕೂರುವ ಆ ಪ್ರಾಣಿಯನ್ನು ಈ ಜಿಲ್ಲೆ 2023ರಲ್ಲಿ ತನ್ನ ಜಿಲ್ಲಾ ಜೀವಿಗಳ ಪಟ್ಟಿಗೆ ಸೇರಿಸಿಕೊಂಡಿತು. ಬಲೆಗೆ ಬಿದ್ದರೆ ಬಿಡಿಸಿ ನೀರಿಗೆ ಬಿಡಬೇಕು. ಕಾರಡ್ಕ, ಅಡೂರು, ಮುಳಿಯಾರು ಕಡೆ ಆನೆಗಳು ಇಳಿದಾಗ ತೂಗು ಸೌರಬೇಲಿಯ ಆಚೆ ಹಿಂಡು ಎಲ್ಲಿದೆ ಎಂದು ತಿಳಿಯಲು ಇಲಾಖೆಯವರಿಗೆ ಹೆಜ್ಜೆ ಓದಬಲ್ಲ ಜನ ಬೇಕಾಗುತ್ತಾರೆ. ಬೇಟೆಯ ಮನೆಗಳಲ್ಲಿ ಬೆಳೆದವರ ಕಣ್ಣು, ಕಿವಿ, ತಾಳ್ಮೆ ಎಲ್ಲಕ್ಕೂ ಅಲ್ಲಿ ಉಪಯೋಗವಿದೆ, ಅದಕ್ಕೆ ಪರವಾನಗಿ ಬೇಡ.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ದೊಡ್ಡದೇನೂ ಅಲ್ಲ. ಕಾಡುಹಂದಿ ಆದೇಶದ ಪೂರ್ಣಪಾಠವನ್ನು ಕನ್ನಡದಲ್ಲಿ ಅಚ್ಚು ಹಾಕಿ ಗಡಿಯ ಪ್ರತಿ ಪಂಚಾಯತ್ ಕಚೇರಿಯಲ್ಲೂ ಕೃಷಿ ಭವನದಲ್ಲೂ ತೂಗುಹಾಕಬೇಕು. ಆದೇಶವನ್ನು ನವೀಕರಿಸಿದಾಗಲೆಲ್ಲ ಹೊಸ ಪ್ರತಿ ಬರಬೇಕು. ಪರವಾನಗಿ ವರ್ಗಾವಣೆಗೆ ಬೇಕಾದ ಕಾಗದಗಳ ವಿವರವನ್ನು ಕಾಸರಗೋಡು, ದಕ್ಷಿಣ ಕನ್ನಡ, ಕೊಡಗು ಜಿಲ್ಲೆಗಳ ಅಧಿಕಾರಿಗಳು ಒಟ್ಟಿಗೆ ಕೂತು ಒಂದೇ ನಮೂನೆಯಲ್ಲಿ, ಎರಡೂ ಭಾಷೆಗಳಲ್ಲಿ ಸಿದ್ಧಪಡಿಸಬೇಕು. ಅರ್ಜಿಯ ಕಡತ ಒಂದು ಕಚೇರಿಯಲ್ಲಿ ಇಂತಿಷ್ಟೇ ದಿನ ಇರಬಹುದೆಂಬ ಗಡುವು ಬೇಕು. ಮುಂದಿನ ಮಳೆಗಾಲ ಹಿಡಿಯುವ ಮೊದಲು, ಅಂದರೆ ಮೇ ತಿಂಗಳ ಒಳಗೆ, ಕಾರಡ್ಕ ಬ್ಲಾಕಿನ ಪಂಚಾಯತ್‌ಗಳಲ್ಲಿ ಒಂದು ದಿನದ ಅದಾಲತ್ ಕರೆದು, ಬಾಕಿ ಇರುವ ಕೋವಿ ಅರ್ಜಿಗಳನ್ನು ಕನ್ನಡ ಬಲ್ಲ ಸಿಬ್ಬಂದಿಯ ಸಮ್ಮುಖದಲ್ಲಿ ಇತ್ಯರ್ಥ ಮಾಡಿಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಅಡಿಕೆ ಕೃಷಿಕ,
ದೇಲಂಪಾಡಿ, ಕಾಸರಗೋಡು ಜಿಲ್ಲೆ